ನಕ್ಷತ್ರ ಕೊರೆದ ಚೆಂಡು

2007ರ ಆಗಸ್ಟ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಬಾರಿಸಿದ 756ನೇ ಹೋಮ್ ರನ್‌ನ ಚೆಂಡು ಇದು. ಹ್ಯಾಂಕ್ ಆರನ್ ಅವರ 755ರ ದಾಖಲೆ ಮುರಿದದ್ದು ಇದೇ ಹೊಡೆತ.

ಹರಾಜಿನಲ್ಲಿ ಏಳೂವರೆ ಲಕ್ಷ ಡಾಲರಿಗೂ ಹೆಚ್ಚು ತೆತ್ತು ಇದನ್ನು ಕೊಂಡ ವಸ್ತ್ರವಿನ್ಯಾಸಕ ಮಾರ್ಕ್ ಎಕೊ, ಮುಂದೇನು ಮಾಡಬೇಕೆಂಬುದನ್ನು ಜನರ ಮತಕ್ಕೆ ಬಿಟ್ಟರು: ನಕ್ಷತ್ರ ಚಿಹ್ನೆ (*) ಹಾಕಿಸಿ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಕೊಡುವುದೇ, ಹಾಗೆಯೇ ಕೊಡುವುದೇ, ಇಲ್ಲವೇ ಬಾಹ್ಯಾಕಾಶಕ್ಕೆ ಹಾರಿಸುವುದೇ? ಹೆಚ್ಚು ಮತ ಬಿದ್ದದ್ದು ಚಿಹ್ನೆಗೆ. ಆಟಗಾರರು ಸ್ಟೀರಾಯ್ಡ್ ಬಳಸುತ್ತಿದ್ದಾರೆಂಬ ಆ ಕಾಲದ ಗುಮಾನಿಗೆ ಅಭಿಮಾನಿಗಳು ಬರೆದ ಅಡಿಟಿಪ್ಪಣಿ ಅದು. ಕೊಂಚ ಕ್ರೂರವೂ ಹೌದು. ತಿಳಿದು ಸ್ಟೀರಾಯ್ಡ್ ಬಳಸಿಲ್ಲವೆಂದು ಬಾಂಡ್ಸ್ ಸಾಕ್ಷ್ಯ ನುಡಿದಿದ್ದರು.

2022ರಲ್ಲಿ, ಪತ್ರಕರ್ತರ ಹತ್ತನೆಯ ಹಾಗೂ ಕೊನೆಯ ಮತದಾನದಲ್ಲೂ, ಹಾಲ್ ಆಫ್ ಫೇಮ್‌ಗೆ ಬೇಕಿದ್ದ ಶೇ 75ರಷ್ಟು ಮತ ಅವರಿಗೆ ಸಿಗಲಿಲ್ಲ. ಅಧಿಕೃತ ದಾಖಲೆಯಲ್ಲಿ ಮಾತ್ರ ಅವರ 762 ಹೋಮ್ ರನ್‌ಗಳ ಪಕ್ಕ ಯಾವ ಚಿಹ್ನೆಯೂ ಇಲ್ಲ.