ಬಾರ್ಶಿಯ ಕೀಲುನೋವಿನ ಜ್ವರ

ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣದಲ್ಲಿ 1973ರಲ್ಲಿ ಚಿಕೂನ್‌ಗುನ್ಯಾ ಹರಡಿತು. ಭಾರತದಲ್ಲಿ ಈ ಜ್ವರ 1963ರಲ್ಲಿ ಕೋಲ್ಕತ್ತದಲ್ಲಿ, ಮರುವರ್ಷ ಚೆನ್ನೈಯಲ್ಲಿ ಕಾಣಿಸಿಕೊಂಡಿತ್ತು. ಬಾರ್ಶಿಯ ನಂತರ ಸುಮಾರು ಮೂರು ದಶಕ ದೇಶದಲ್ಲಿ ದೊಡ್ಡ ಹಾವಳಿಯಾಗಲಿಲ್ಲ. 2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಸುಮಾರು ಮೂರನೇ ಒಂದು ಭಾಗ ಜನರಿಗೆ ಸೋಂಕು ತಗುಲಿತು. ಅದೇ ಹೊತ್ತಿಗೆ ಭಾರತದಲ್ಲೂ ರೋಗ ಮರುಕಳಿಸಿ, 2006ರಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಸೊಲ್ಲಾಪುರ ಜಿಲ್ಲೆಯಲ್ಲೇ ಇರುವ ಅಕ್ಕಲಕೋಟೆಯ ಗಡಿಯ ಎರಡೂ ಕಡೆಯ ರಾಜ್ಯಗಳು, ಮಹಾರಾಷ್ಟ್ರ ಮತ್ತು ಕರ್ನಾಟಕ, ತೀವ್ರವಾಗಿ ನಲುಗಿದವು.

ರೋಗ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ನಿಂತ ಶುದ್ಧ ನೀರಿನ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮಳೆ ಕಡಿಮೆಯಿರುವ ಸೊಲ್ಲಾಪುರ ಸೀಮೆಯಲ್ಲಿ ಬ್ಯಾರಲ್, ತೊಟ್ಟಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಆದ್ದರಿಂದ ಅವುಗಳನ್ನು ಮುಚ್ಚಿಡುವುದು, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯುವುದು ಇಲ್ಲಿ ಅತ್ಯಗತ್ಯ.