ಹಗೇವಿನಿಂದ ಸಾಸಿವೆ ಡಬ್ಬಿಯವರೆಗೆ: ದುರ್ಗದ ಸೀಮೆಯ ಮನೆವಾರ್ತೆ

ಚಿತ್ರದುರ್ಗವೆಂದೊಡನೆ ಏಳುಸುತ್ತಿನ ಕೋಟೆ, ಮದಕರಿನಾಯಕ, 1779ರಲ್ಲಿ ಹೈದರಾಲಿಯ ವಶವಾದ ದುರ್ಗ, ಇವೇ ನಮ್ಮ ಸ್ಮರಣೆಗೆ ಬರುತ್ತವೆ. ಓಬವ್ವನ ಒನಕೆಯನ್ನು ನಾವು ಆಯುಧವೆಂದೇ ಕೊಂಡಾಡುತ್ತೇವೆ. ಅದು ಮೊದಲು ಧಾನ್ಯ ಕುಟ್ಟುವ ಸಾಧನವಾಗಿತ್ತೆಂಬುದನ್ನು ನೆನೆಯುವವರು ವಿರಳ. ಆ ಒನಕೆಯ ಕೆಳಗೆ ಬೀಳುವ ಧಾನ್ಯವು ಮಳೆ ತಪ್ಪಿದ ವರ್ಷದಲ್ಲಿ ಎಲ್ಲಿಂದ ಒದಗುತ್ತಿತ್ತು ಎಂಬ ಪ್ರಶ್ನೆ ಅರಸರ ವಂಶಾವಳಿಗಿಂತ ಕಿರಿದಾದುದೇನಲ್ಲ.

ಈ ಸೀಮೆ ಮಳೆಯ ನೆರಳಿನದು. ಹಿರಿಯೂರಿನ ಕಡೆ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ. ಪಶ್ಚಿಮದ ಹೊಳಲ್ಕೆರೆ, ಹೊಸದುರ್ಗಗಳು ತುಸು ಭಾಗ್ಯಶಾಲಿಗಳು. ಇಲ್ಲಿಯ ಒಕ್ಕಲು ಮನೆಗೆ ಈ ವರ್ಷದ ಬೆಳೆಯೆಂಬುದು ಈ ವರ್ಷದ ಊಟಕ್ಕಷ್ಟೇ ಸಲ್ಲುವ ವಸ್ತುವಾಗಿರಲಿಲ್ಲ. ಮುಂದೆ ಬರಬಹುದಾದ ಕೆಟ್ಟ ವರ್ಷದ ಪಾಲೂ ಅದರೊಳಗಿತ್ತು. ಆ ಪಾಲನ್ನು ಇಡುತ್ತಿದ್ದ ಸ್ಥಳವೇ ಹಗೇವು.

ಮನೆಯ ಮುಂದೆಯೋ ಊರಂಚಿನ ಗಟ್ಟಿ ನೆಲದಲ್ಲೋ ತೋಡಿದ ಗುಂಡಿಯದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಡಲು ವಿಶಾಲ. ಒಳಮೈಗೆ ಹುಲ್ಲನ್ನು ಒತ್ತಾಗಿ ಹಾಸಿ, ಚೆನ್ನಾಗಿ ಒಣಗಿಸಿದ ರಾಗಿಯನ್ನು ಸುರಿದು, ಮೇಲೆ ಮತ್ತೆ ಹುಲ್ಲು ಹೊದಿಸಿ, ಮಣ್ಣಿನಿಂದ ಬಾಯಿಯನ್ನು ಭದ್ರವಾಗಿ ಮುಚ್ಚುತ್ತಿದ್ದರು. ಜೋಳಕ್ಕೆ ಬೇಗ ಹುಳು ಹಿಡಿಯುತ್ತದೆ. ರಾಗಿಯಾದರೋ ತೇವ ತಾಗದಿದ್ದರೆ ವರ್ಷಗಟ್ಟಲೆ ಕೆಡದು. ಹಗೇವು ತೆರೆದೊಡನೆ ಒಳಗಿಳಿಯುವಂತಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ದೀಪವೊಂದನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಈ ಎಚ್ಚರ ತಪ್ಪಿ ಸತ್ತವರಿದ್ದಾರೆ. ದಿನವೂ ಕೈಹಾಕಿ ತೆಗೆಯಲಾಗದ ಉಳಿತಾಯವಿದು ಎಂಬಲ್ಲಿಯೇ ಅದರ ಜಾಣ್ಮೆ ಇತ್ತೆಂದು ನನ್ನ ಅಭಿಪ್ರಾಯ. ನಿತ್ಯದ ಬಳಕೆಗೆ ವಾಡೆ, ಗುಡಾಣಗಳಿದ್ದವು. ಅವುಗಳಿಂದ ಸೇರು, ಪಾವುಗಳಲ್ಲಿ ಅಳೆದು ತೆಗೆಯುವುದು ಮನೆಯ ಹಿರಿಯ ಹೆಂಗಸಿನ ಅಧಿಕಾರ. ತೆಗೆದುದರಲ್ಲಿ ಹಿಡಿಯಷ್ಟನ್ನು ಬೇರೆ ಮಡಕೆಗೆ ಹಾಕುವುದು ಅವಳ ವಿವೇಕ. ‘ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ’ ಎಂಬ ಗಾದೆಯ ಬಳ್ಳವೂ ಒಂದು ಅಳತೆಯ ಪಾತ್ರೆಯೇ.

ಕೋಟೆಯೊಳಗೂ ಇದೇ ಬುದ್ಧಿ ನಡೆದಿತ್ತು. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಿದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಪೇಟೆಯ ಹೊಂಡಗಳಿಗೆ ಹರಿಯುವ ಏರ್ಪಾಟನ್ನು ಇಂದಿಗೂ ಕಾಣಬಹುದು.

ಹಾಗೆಂದು ಇಲ್ಲಿಯವರಿಗೆ ನಾಣ್ಯ ಅಪರಿಚಿತವಾಗಿರಲಿಲ್ಲ. ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮಿನ ತಿಬೇರಿಯಸನ ಬೆಳ್ಳಿಯ ನಾಣ್ಯವೂ ದೊರೆತಿದೆ. ಆದರೆ ಒಕ್ಕಲಿಗನ ಮನೆಯ ಲೆಕ್ಕವನ್ನು ಹಣ ಆಳತೊಡಗಿದುದು, ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಾದ ಮೇಲೆ. ಕಂತಿನ ದಿನಕ್ಕೆ ಕಣದಲ್ಲಿಯೇ ಧಾನ್ಯ ಮಾರಿದವನ ಹಗೇವಿಗೆ ಎಷ್ಟು ಉಳಿದೀತು? 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ಬಂದಾಗ ಈ ಪ್ರಶ್ನೆ ಘೋರವಾಗಿ ಎದುರು ನಿಂತಿತು. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ದುರ್ಗಕ್ಕೆ ಬಂದಿರಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತ ಮೇಲೆ ಗಾಡಿಯಲ್ಲಿ ಧಾನ್ಯ ತರುವುದೂ ದುಸ್ತರ. ಮೊದಲು ಹಗೇವು ಬರಿದಾಯಿತು, ಆಮೇಲೆ ದನ, ಆಮೇಲೆ ಹೆಂಗಸರ ಮೈಮೇಲಿನ ಬೆಳ್ಳಿ. ಹೀಗೆ ಮಾರಾಟವಾದ ಒಡವೆಗಳು ಕರಗಲು ಮುಂಬಯಿಯ ಟಂಕಸಾಲೆಗೆ ರಾಶಿರಾಶಿಯಾಗಿ ಹೋದುವು. ಎಲ್ಲರೂ ಒಮ್ಮೆಲೇ ಮಾರುವಾಗ ಬೆಳ್ಳಿಗೆ ಬೆಲೆಯಿಲ್ಲ, ರಾಗಿಗೆ ಮಾತ್ರ ಬೆಲೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಬಡವರು ದುಂದುಗಾರರಾದ್ದರಿಂದ ಸತ್ತರೆಂದು ಹೇಳುವವರು ಈ ಎರಡು ಅಂಕಿಗಳನ್ನು ನೋಡಬೇಕು. ಹೊಲವೇ ಇಲ್ಲದ ಕೂಲಿಯವನು ಹಗೇವಿನಲ್ಲಿ ಏನನ್ನು ತುಂಬಬೇಕಿತ್ತು?

ಒಂದು ಮನೆಯ ಮಿತವ್ಯಯಕ್ಕೆ ಮೀರಿದುದನ್ನು ರಾಜ್ಯವೇ ಮಾಡಬೇಕೆಂಬ ಅರಿವಿಗೆ ಮಾರಿಕಣಿವೆಯ ಅಣೆಕಟ್ಟು ಸಾಕ್ಷಿ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಆರಂಭವಾದ ಕೆಲಸ 1907ರಲ್ಲಿ ಮುಗಿಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ, 89 ವರ್ಷಗಳ ತರುವಾಯ. ಅಪರೂಪಕ್ಕೆ ಹರಿಯುವ ಹೊಳೆಯ ನೀರನ್ನು ಹಲವು ವರ್ಷಗಳಿಗೆ ಕಾದಿಡುವ ಇದನ್ನು ಹಗೇವಿನ ದೊಡ್ಡಣ್ಣನೆಂದರೆ ತಪ್ಪಾಗದು.

ಹೊಸದುರ್ಗದ ತೆಂಗಿನ ತೋಟದವರ ರೀತಿ ಬೇರೆ. ಸುಲಿಯದ ಕಾಯಿಗಳನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಬತ್ತಿ ಉಂಡೆಕೊಬ್ಬರಿಯಾಗುತ್ತದೆ. ಆತುರಪಟ್ಟು ಎಳನೀರೆಂದೋ ಹಸಿಕಾಯೆಂದೋ ಮಾರದವನಿಗೆ ಸಿಗುವ ಫಲವದು. ಬೆಲೆ ಬಿದ್ದ ವರ್ಷ ಆ ತಾಳ್ಮೆಗೂ ನಷ್ಟವೇ. ಹೊಳಲ್ಕೆರೆಯ ಅಡಿಕೆಯವರಿಗೆ ಸುಗ್ಗಿಯ ಹಣ ಒಟ್ಟಿಗೆ ಬರುತ್ತದೆ. ಆ ಗಂಟಿನಲ್ಲಿ ಇಡೀ ವರ್ಷದ ಹಾಲು, ಶಾಲೆ, ಔಷಧ, ಮದುವೆಗಳನ್ನು ಹಂಚಬೇಕು.

ಹೆಂಗಸರ ಉಳಿತಾಯದ ಚರಿತ್ರೆ ಮಾತ್ರ ಬಹುಕಾಲ ಯಾವ ದಾಖಲೆಗೂ ಸೇರಲಿಲ್ಲ. ಅದು ಸಾಸಿವೆ ಡಬ್ಬಿಯ ತಳದಲ್ಲಿತ್ತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಕಟ್ಟುವ ಹೆಂಗಸಿನ ಹೆಸರು ಮೊದಲ ಬಾರಿಗೆ ಲೆಕ್ಕದ ಪುಸ್ತಕದಲ್ಲಿ ಮೂಡಿತು. ಆದರೂ ಡಬ್ಬಿ ಬರಿದಾಗಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ, ಗಂಡನಿಗೂ ಹೇಳದೆ ಮಗಳ ಮದುವೆಗೋ ತನ್ನ ಕಾಯಿಲೆಗೋ ಕೂಡಿಟ್ಟುದನ್ನು ಹೊರಗೆ ತೆಗೆದು ತೋರಿಸಬೇಕಾಯಿತು. ಗುಟ್ಟೇ ಆ ಉಳಿತಾಯದ ಬೀಗವಾಗಿತ್ತು, ಅದು ಮುರಿಯಿತು. ತರುವಾಯದ ವರ್ಷಗಳಲ್ಲಿ ಕಿರುಸಾಲದ ಸಂಸ್ಥೆಗಳು ಹಳ್ಳಿಹಳ್ಳಿಗೆ ಹಬ್ಬಿದಂತೆ, ವಾರದ ಕಂತೆಂದರೆ ಉಳಿತಾಯದ್ದಲ್ಲ, ಸಾಲದ್ದೆಂಬಂತಾಯಿತು. ವಸೂಲಿಗಾರರ ಕಿರುಕುಳವನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.