ಕತ್ತಿ ಹಿಡಿದು ಸಂಸಾರ ಸಾಗಿಸಿದ ತಾಯಿ

ನಮ್ಮ ನವಲಗುಂದ, ಕುಂದಗೋಳ ಕಡೆಯ ಹಳ್ಳಿಗಳಲ್ಲಿ ರಾಶಿಯ ಕಾಲಕ್ಕೆ ಹಡಪದರ ಮನೆಗೆ ಆಯದ ಜೋಳ ಹೋಗುತ್ತಿದ್ದುದು ಹಿರಿಯರಿಗೆಲ್ಲ ಗೊತ್ತು. ಕ್ಷೌರದ ಕತ್ತಿ ಗಂಡಸರದೇ ಎಂದು ನಾವು ನಂಬಿದ್ದೆವು. ಅದನ್ನು ಸುಳ್ಳು ಮಾಡಿದವರು ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹಸೂರಸಾಸಗಿರಿಯ ಶಾಂತಾಬಾಯಿ ಯಾದವ.

ಅವರ ಗಂಡ ಶ್ರೀಪತಿ ಊರಿನ ಕ್ಷೌರಿಕರು. 1984ರಲ್ಲಿ ಅವರು ತೀರಿಕೊಂಡಾಗ ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು. ದಿನವಿಡೀ ಹೊಲದಲ್ಲಿ ದುಡಿದರೆ ಕೂಲಿ 50 ಪೈಸೆ. ಐದು ಹೊಟ್ಟೆಗೆ ಅದು ಎಲ್ಲಿ ಸಾಕಾದೀತು? ಊರ ಹಿರಿಯರಾದ ಹರಿಭಾವು ಕಡೂಕರ ಅವರು ಗಂಡನ ಕಸಬನ್ನೇ ಹಿಡಿಯಲು ಹೇಳಿದರು. ತಾವೇ ಮೊದಲ ಗಿರಾಕಿಯಾಗಿ ಕುಳಿತರು. ಹೆಣ್ಣುಮಗಳು ಗಡ್ಡ ತೆಗೆಯೋದಂದ್ರೇನು ಅಂತ ಆಡಿಕೊಂಡವರೂ ಇದ್ದರು. ಶಾಂತಾಬಾಯಿ ಹಿಂಜರಿಯಲಿಲ್ಲ. ಮಕ್ಕಳನ್ನು ನೆರೆಯವರ ಹತ್ತಿರ ಬಿಟ್ಟು ಸುತ್ತಲಿನ ಹಳ್ಳಿಗಳಿಗೆ ನಡೆದೇ ಹೋದರು. ಒಂದು ಗಡ್ಡಕ್ಕೆ ಒಂದು ರೂಪಾಯಿ. ಎಮ್ಮೆಗಳ ಮೈಗೂದಲನ್ನೂ ಬೋಳಿಸಿದರು. ಆ ದುಡಿಮೆಯಲ್ಲೇ ನಾಲ್ವರನ್ನೂ ಬೆಳೆಸಿ ಲಗ್ನ ಮಾಡಿಕೊಟ್ಟರು. ವಯಸ್ಸು 70 ಆದಾಗಲೂ ಕತ್ತಿ ಕೆಳಗಿಡಲಿಲ್ಲ.

ಹಡಪದ ಅಪ್ಪಣ್ಣನವರ ಪತ್ನಿ ಲಿಂಗಮ್ಮನವರು 12ನೆಯ ಶತಮಾನದಲ್ಲೇ ವಚನ ರಚಿಸಿದ ನಾಡು ನಮ್ಮದು. ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಒಬ್ಬರು ಧೈರ್ಯದಿಂದ ಮೊದಲು ಕುಳಿತರೆ ಉಳಿದವರು ತಾವಾಗಿ ಬರುತ್ತಾರೆ. ಸಹಕಾರವೆಂದರೂ ಇದೇ ಅಲ್ಲವೆ? ನಮ್ಮೂರ ಇಂಥ ತಾಯಂದಿರ ದುಡಿಮೆಯನ್ನೂ ಸದಸ್ಯ ಬಾಂಧವರು ನೆನೆಯಲಿ, ಬರೆದಿಡಲಿ ಎಂದು ನಾವು ಹಾರೈಸುತ್ತೇವೆ.